ಅಜ್ಜನ ಜೀಪು, ಒಣ ಟಾರು ರಸ್ತೆ ಮತ್ತು ಒಂದು ತಪ್ಪು ಆರೋಪ

ಹೋದ ತಿಂಗಳು ಊರಿಗೆ ಹೋಗಿದ್ದೆ. ಶಿವಮೊಗ್ಗದ ಮನೆಯ ಅಟ್ಟ ಗುಡಿಸುವಾಗ ತುಕ್ಕು ಹಿಡಿದ ಕಬ್ಬಿಣದ ತುಂಡೊಂದು ಕೈಗೆ ಸಿಕ್ಕಿತು. "ಅದಾ? ಅಜ್ಜನ ಜೀಪಿನ ಮುಂದಿನ ಆಕ್ಸಲ್ಲು. ಡ್ರೈವರು ಮುರಿದು ಹಾಕಿದ್ದು" ಅಂದರು ಅಪ್ಪ.

ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. 1970ರ ದಶಕದಲ್ಲಿ ಅಜ್ಜ ಮಿಲಿಟರಿ ಡಿಸ್ಪೋಸಲ್ ಜೀಪೊಂದನ್ನು ಕೊಂಡಿದ್ದರು. ತೀರ್ಥಹಳ್ಳಿ ಕಡೆಯ ತೋಟದಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಮೂಟೆ ಹೊತ್ತು ಬರುತ್ತಿದ್ದ ಗಾಡಿ. ಒಂದು ದಿನ ಪೇಟೆಯಲ್ಲಿ ತಿರುಗಿಸುವಾಗ ಕಟಕ್ ಅಂತ ಆಕ್ಸಲ್ ಹೋಯ್ತು. "ಅಡ್ಡಾದಿಡ್ಡಿ ಓಡಿಸಿದ್ದೀಯ" ಅಂತ ಅಜ್ಜ ಬೈದು, ರಿಪೇರಿಯ ಖರ್ಚನ್ನು ಸಂಬಳದಲ್ಲಿ ಮುರಿದುಕೊಂಡರು. ಡ್ರೈವರು ಮಾತಾಡದೆ ಕೆಲಸ ಬಿಟ್ಟು ಭದ್ರಾವತಿಗೆ ಹೋದರು.

ನಾನು ಓದಿದ್ದು ಇಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್. ಆದರೂ ಆ ತುಂಡು ನೋಡಿದಾಗ ಒಂದು ಅನುಮಾನ ಬಂತು. ನೇರ ಹೋಗುವಾಗ ಮುರಿಯದ್ದು ತಿರುಗುವಾಗಲೇ ಯಾಕೆ ಮುರಿಯಿತು? ಅದೂ ಕೆಸರಲ್ಲಿ ಅಲ್ಲ, ಒಳ್ಳೆಯ ರಸ್ತೆಯಲ್ಲಿ!

ಸ್ವಲ್ಪ ಹಿಂದಕ್ಕೆ ಹೋಗೋಣ. ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಓಡಬೇಕು. ಎರಡನ್ನೂ ಒಂದೇ ಕಂಬಿಗೆ ಬಿಗಿದರೆ ಒಂದು ಜಾರಲೇಬೇಕು. ಅದಕ್ಕೆ ಪರಿಹಾರವಾಗಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1828ರಲ್ಲೇ ಡಿಫರೆನ್ಷಿಯಲ್‌ಗೆ ಪೇಟೆಂಟ್ ಪಡೆದಿದ್ದ. 1941ರಿಂದ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲೀಸ್ ಜೀಪಿನಲ್ಲಿ ಇಂಥ ಡಿಫರೆನ್ಷಿಯಲ್ ಎರಡಿದ್ದವು: ಮುಂದೊಂದು, ಹಿಂದೊಂದು. ಆದರೆ ಮುಂದಿನ ಆಕ್ಸಲಿಗೂ ಹಿಂದಿನದಕ್ಕೂ ನಡುವೆ ಇರಲಿಲ್ಲ. ಫೋರ್ ವ್ಹೀಲ್ ಲೀವರ್ ಹಾಕಿದರೆ ಅವೆರಡೂ ಒಂದಕ್ಕೊಂದು ಗಟ್ಟಿಯಾಗಿ ಬಿಗಿದುಕೊಳ್ಳುತ್ತಿದ್ದವು.

ಕಷ್ಟ ಇರುವುದು ಇಲ್ಲೇ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಹೋಗುತ್ತವೆ. ಒಂದು ಸಣ್ಣ ಲೆಕ್ಕ ಹಾಕಿದೆ (ಬೋರ್ ಆದರೆ ಈ ಪ್ಯಾರಾ ಹಾರಿಸಿ :-)). ಜೀಪಿನ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ 80 ಇಂಚು, ಅಂದರೆ ಸುಮಾರು 2 ಮೀಟರ್. ಹಿಂದಿನ ಆಕ್ಸಲಿನ ಮಧ್ಯಭಾಗ 5 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಮುಂದಿನದು ಸುಮಾರು 5.4 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಪೂರ್ತಿ ಯೂ ಟರ್ನ್ ಹೊಡೆದರೆ ಹಿಂದಿನದು ಓಡುವುದು 15.7 ಮೀಟರ್, ಮುಂದಿನದು ಸುಮಾರು 17 ಮೀಟರ್. ವ್ಯತ್ಯಾಸ ಒಂದೂಕಾಲು ಮೀಟರ್! ಎರಡೂ ಬಿಗಿದುಕೊಂಡಿರುವುದರಿಂದ ಈ ಒಂದೂಕಾಲು ಮೀಟರನ್ನು ಯಾವುದಾದರೂ ಚಕ್ರ ಜಾರಿಯೇ ತೀರಿಸಬೇಕು.

ಕೆಸರಿನಲ್ಲಿ ಜಾರುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ. ಒಣ ಟಾರಿನ ಮೇಲೆ ಟೈರು ಕಚ್ಚಿ ಹಿಡಿಯುತ್ತದೆ. ಆಗ ಶಾಫ್ಟು, ಗೇರು, ಆಕ್ಸಲು ಎಲ್ಲ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತವೆ. ಸ್ಟೇರಿಂಗ್ ಭಾರವಾಗುತ್ತದೆ, ಬ್ರೇಕ್ ಹಿಡಿದಂತೆ ಗಾಡಿ ಜಗ್ಗುತ್ತದೆ, ಲೀವರ್ ಸಿಕ್ಕಿಕೊಂಡು ಬಿಡಿಸಲು ಬರುವುದಿಲ್ಲ. ಸ್ವಲ್ಪ ರಿವರ್ಸ್ ತಗೊಂಡರೆ ಅಥವಾ ಮಣ್ಣಿಗೆ ಇಳಿಸಿದರೆ ಬಿಗಿತ ಸಡಿಲವಾಗುತ್ತದೆ. ಇಲ್ಲವಾದರೆ ಯಾವುದು ಬಲಹೀನವೋ ಅದು ಮುರಿಯುತ್ತದೆ.

ಜೀಪು ಮಾಡಿದವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಯುದ್ಧಕಾಲದ ಜೀಪುಗಳ ಡ್ಯಾಶ್‌ಬೋರ್ಡಿನ ತಗಡಿನ ಫಲಕದಲ್ಲೇ, ಒಣಗಿದ ಗಟ್ಟಿ ರಸ್ತೆಯಲ್ಲಿ ಮುಂದಿನ ಆಕ್ಸಲನ್ನು ಬಿಡಿಸಿ ಎಂಬ ಎಚ್ಚರಿಕೆ ಇತ್ತು. ಇಂಗ್ಲಿಷಿನಲ್ಲಿ! 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರಾ ಕಂಪನಿ 1940ರ ದಶಕದ ಕೊನೆಗೆ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿತು. ಆಮೇಲೆ ಜೀಪು ಮಲೆನಾಡಿನ ಮೂಲೆಮೂಲೆಗೂ ಬಂತು. ಎಚ್ಚರಿಕೆ ಮಾತ್ರ ಕನ್ನಡಕ್ಕೆ ಬರಲಿಲ್ಲ. ಅಜ್ಜನ ಜೀಪಿನಲ್ಲಂತೂ ಆ ಫಲಕದ ಮೇಲೆ ಹಸಿರು ಪೇಂಟು ಬಳಿದಿತ್ತು ಅಂತ ಅಪ್ಪನಿಗೆ ನೆನಪಿದೆ.

ಇನ್ನೊಂದು ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಆ ಸೀಮೆಯ ಮಣ್ಣು ರಸ್ತೆಯಲ್ಲಿ ಫೋರ್ ವ್ಹೀಲ್ ಹಾಕಿಕೊಂಡೇ ಓಡಿಸಿ ಕಲಿತ ಡ್ರೈವರಿಗೆ ಅದೇ ಸರಿಯಾದ ಅಭ್ಯಾಸ. ಕಾಲಕ್ರಮೇಣ ರಸ್ತೆಗೆ ಟಾರು ಬಂತು. ಕಾಪಾಡುತ್ತಿದ್ದ ಅಭ್ಯಾಸವೇ ಗಾಡಿ ಮುರಿಯುವ ಅಭ್ಯಾಸವಾಯಿತು. ತಪ್ಪು ಯಾರದು?

ಮರುದಿನವೇ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಅವರಿಗೀಗ ಎಪ್ಪತ್ತೈದು ದಾಟಿದೆ. ಗುರುತು ಹೇಳಿದ ಮೇಲೆ ಒಳಗೆ ಕರೆದು ಕಾಫಿ ಕೊಡಿಸಿದರು. ನಾನು ಹಾಳೆಯ ಮೇಲೆ ಎರಡು ವೃತ್ತ ಬರೆದು ಎಲ್ಲ ವಿವರಿಸಿದೆ. ಸುಮಾರು ಹೊತ್ತು ನೋಡಿದರು.

"ಸ್ಟೇರಿಂಗ್ ಕಲ್ಲಿನ ಹಾಗೆ ಆಗಿತ್ತು ಮಾರಾಯ. ಹೇಳಿದ್ದೆ. ನಿಮ್ಮಜ್ಜ ನಂಬಲಿಲ್ಲ" ಅಂದರು. ಆಮೇಲೆ ನನ್ನನ್ನೇ ಪರೀಕ್ಷೆಗೆ ಕೂರಿಸಿದರು: "ಹಾಗಾದ್ರೆ ರೈಲಿನ ಎರಡು ಗಾಲಿ ಒಂದೇ ಕಂಬಿಗೆ ಗಟ್ಟಿಯಾಗಿ ಕೂತಿರ್ತಾವಲ್ಲ, ಅದು ಹೆಂಗೆ ತಿರುಗುತ್ತೆ?"

ಎಂಥ ಪ್ರಶ್ನೆ ನೋಡಿ! ರೈಲಿನ ಗಾಲಿಯ ಮೈ ಸಮತಟ್ಟಲ್ಲ, ಒಂದು ಬದಿಗೆ ಸ್ವಲ್ಪ ಇಳಿಜಾರು. ತಿರುವಿನಲ್ಲಿ ಗಾಲಿಜೋಡಿ ಹೊರಗೆ ಸರಿದಾಗ ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೂ ಒಳಗಿನದು ಸಣ್ಣ ಭಾಗದ ಮೇಲೂ ಉರುಳುತ್ತದೆ. ತೀರಾ ಕಡಿದಾದ ತಿರುವಿನಲ್ಲಿ ಅದೂ ಸಾಲದೆ ಕಿರುಗುಡುತ್ತದೆ. "ಹೌದೌದು, ಕೇಳಿದೀನಿ" ಅಂತ ನಕ್ಕರು.

ಮುಂದೆ 1966ರ ಜೆನ್ಸೆನ್ ಎಫ್ಎಫ್, 1970ರ ರೇಂಜ್ ರೋವರ್ ಗಾಡಿಗಳಲ್ಲಿ ನಡುವೆಯೂ ಡಿಫರೆನ್ಷಿಯಲ್ ಬಂತು. ಆದರೆ ಇವತ್ತಿನ ಥಾರ್‌ನಲ್ಲಿಯೂ ಫೋರ್ ವ್ಹೀಲ್ ಹಾಕಿದರೆ ಹಳೆಯ ಜೀಪಿನ ಬಿಗಿತವೇ. ಇರುವವರು ಒಣ ರಸ್ತೆಯಲ್ಲಿ ದಯವಿಟ್ಟು ಟೂ ವ್ಹೀಲಿಗೆ ಬನ್ನಿ.

ಹೊರಡುವಾಗ ಆ ಆಕ್ಸಲಿನ ತುಂಡನ್ನು ಅವರ ಮುಂದಿಟ್ಟೆ. ಕೈಯಲ್ಲಿ ತೂಗಿ ನೋಡಿ ವಾಪಸ್ ಕೊಟ್ಟರು. "ನಿಮ್ಮನೆಯಲ್ಲೇ ಇರಲಿ. ನಿನ್ನ ಅಪ್ಪನಿಗೂ ಈ ವೃತ್ತ ಬರೆದು ತೋರಿಸು."

ತೋರಿಸಿದೆ. ಅಪ್ಪ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಮಾತ್ರ ಒಬ್ಬರೇ ಭದ್ರಾವತಿ ಬಸ್ಸು ಹತ್ತಿದರಂತೆ, ಅಮ್ಮ ಫೋನಿನಲ್ಲಿ ಹೇಳಿದಳು.