ಪತ್ರಿಕಾ ಸ್ವಾತಂತ್ರ್ಯ (ವಸಾಹತು ಕಾಲ)
ಬ್ರಿಟಿಷರ ಕಾಲದಲ್ಲಿ ಕನ್ನಡ ಪತ್ರಿಕೆಗಳಿಗಿದ್ದ ಸೀಮಿತ ಸ್ವಾತಂತ್ರ್ಯ. ಗೋಕಾಕ ತಾಲ್ಲೂಕು ಆಗ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದುದರಿಂದ ಬ್ರಿಟಿಷ್ ಇಂಡಿಯಾದ ಪತ್ರಿಕಾ ಕಾಯಿದೆಗಳು ಇಲ್ಲಿಗೆ ನೇರವಾಗಿ ಅನ್ವಯಿಸುತ್ತಿದ್ದವು. ವೈಸರಾಯ್ ಲಿಟ್ಟನ್ 1878ರಲ್ಲಿ ತಂದ ದೇಶಭಾಷಾ ಪತ್ರಿಕಾ ಕಾಯಿದೆ ಇಂಗ್ಲಿಷ್ ಪತ್ರಿಕೆಗಳನ್ನು ಬಿಟ್ಟು ದೇಶಭಾಷೆಯವನ್ನಷ್ಟೇ ಗುರಿಯಾಗಿಸಿತು. ನ್ಯಾಯಾಲಯಕ್ಕೆ ಮೇಲ್ಮನವಿಯ ಅವಕಾಶವಿರಲಿಲ್ಲ. ವೈಸರಾಯ್ ರಿಪನ್ ಕಾಲದಲ್ಲಿ, 1882ರಲ್ಲಿ, ಅದು ರದ್ದಾಯಿತು. 1910ರ ಕಾಯಿದೆಯಂತೆ ಹೊಸ ಮುದ್ರಣಾಲಯದವರಿಂದ 500ರಿಂದ 2,000 ರೂಪಾಯಿವರೆಗೆ ಠೇವಣಿ ಕೇಳಬಹುದಿತ್ತು. ಆಕ್ಷೇಪಾರ್ಹ ಬರಹ ಅಚ್ಚಾದರೆ ಠೇವಣಿ ಜಪ್ತಿ. ಮರುಕಳಿಸಿದರೆ ಅಚ್ಚುಯಂತ್ರಕ್ಕೂ ಅದೇ ಗತಿ. ದೇಶೀಯ ಸಂಸ್ಥಾನಗಳೂ ಹಿಂದೆ ಬೀಳಲಿಲ್ಲ: ಮೈಸೂರಿನ 1908ರ ಪತ್ರಿಕಾ ಶಾಸನವನ್ನು ಪ್ರತಿಭಟಿಸಿ ಪತ್ರಕರ್ತ ಎಂ. ವೆಂಕಟಕೃಷ್ಣಯ್ಯ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಬೆಳಗಾವಿಯಲ್ಲಿ 1929ರಲ್ಲಿ ಆರಂಭವಾದ ‘ಸಂಯುಕ್ತ ಕರ್ನಾಟಕ’ ಪತ್ರಿಕೆ ಈ ಭಾಗದ ರಾಷ್ಟ್ರೀಯ ಚಳವಳಿಯ ಮುಖವಾಣಿಯಾಯಿತು.