ಅಜ್ಜನ ಕೀಲೆಣ್ಣೆ, ದೊಡ್ಡಪ್ಪನ ಫಿಯಟ್

ದೊಡ್ಡಪ್ಪನ 1973ರ ಫಿಯಟ್ ಇಂಜಿನ್ನನ್ನು ನಾನೇ ಕೈಯಾರೆ ಕೊಲ್ಲುವುದರಲ್ಲಿದ್ದೆ. ಅದೂ ಪ್ರೀತಿಯಿಂದ.

ದೊಡ್ಡಪ್ಪ ತೀರಿಕೊಂಡ ಮೇಲೆ ಕಾರು ಕುಣಿಗಲ್ ಕಡೆಯ ನಮ್ಮೂರಿನ ಕೊಟ್ಟಿಗೆಯಲ್ಲಿ ಹತ್ತು ವರ್ಷ ನಿಂತಿತ್ತು. ಕೋಳಿಗಳು ಅದರ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡ್ತಿದ್ದವು. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳನ್ನು ವಿಂಟೇಜ್ ಅಂತ ಬೇರೆಯಾಗಿಯೇ ನೋಂದಾಯಿಸಿ, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಕೊಡುವ ನಿಯಮ 2021ರಲ್ಲಿ ಬಂತಲ್ಲ, ಅದನ್ನು ಓದಿದಾಗಿನಿಂದ ನನಗೆ ಆಸೆ. ಕಾರಿಗೆ 50 ತುಂಬಿದ ಮೇಲೆ ಟೆಂಪೋದಲ್ಲಿ ಹೇರಿಸಿ, ನಾನು ಬಾಡಿಗೆಗಿರುವ ಹೆಗ್ಗನಹಳ್ಳಿಗೆ ತಂದೆ. ಅಂಗಡಿಯಲ್ಲಿದ್ದ ಅತಿ ದುಬಾರಿ ಎಣ್ಣೆ ಕೇಳಿ, ಫುಲ್ ಸಿಂಥೆಟಿಕ್ 5ಡಬ್ಲ್ಯೂ-30 ಸುರಿದೆ. ಹೊಸ ವರ್ಷನ್ ಅಂದ್ರೆ ಒಳ್ಳೇ ವರ್ಷನ್ ಅನ್ನೋದು ನಮ್ಮ ಕಸುಬಿನವರ ಬುದ್ಧಿ.

ವಾರದೊಳಗೆ ಕಾರಿನ ಕೆಳಗೆ ಎಣ್ಣೆ ಮಡುಗಟ್ಟಿತು. ಇಂಜಿನ್ ಕಾದು ಸಿಗ್ನಲ್ಲಿನಲ್ಲಿ ನಿಂತರೆ ಆಯಿಲ್ ಪ್ರೆಶರಿನ ಕೆಂಪು ದೀಪ ಮಿಣಮಿಣ ಅನ್ನೋಕೆ ಶುರು.

ಹೆಗ್ಗನಹಳ್ಳಿ ಗೊತ್ತಿರುವವರಿಗೆ ಹೇಳಬೇಕಿಲ್ಲ. ಪಕ್ಕದಲ್ಲೇ ಪೀಣ್ಯ. ಕೆಳಗೆ ಲೇತ್, ಮೇಲೆ ಮನೆ. ಒಂದು ಬೀದಿಯಲ್ಲಿ ಗ್ರೈಂಡಿಂಗ್, ಇನ್ನೊಂದರಲ್ಲಿ ವೆಲ್ಡಿಂಗ್. ಅಂಥದ್ದೊಂದು ಶೆಡ್ಡಿನ ಹಿರಿಯ ಮೇಸ್ತ್ರಿಯೊಬ್ಬರು ಸಂಪ್ ಬಿಚ್ಚಿ ತೋರಿಸಿದರು. ವರ್ಷಗಟ್ಟಲೆ ಗೋಡೆಗೆ ಅಂಟಿಕೊಂಡಿದ್ದ ಕಪ್ಪು ಗಸಿಯನ್ನು ಹೊಸ ಎಣ್ಣೆಯ ಡಿಟರ್ಜೆಂಟ್ ಕಿತ್ತು ತಂದು, ಪಂಪಿನ ಜಾಲರಿಗೆ ತುಂಬಿತ್ತು.

"ಎಂಬತ್ತು ವರ್ಷದ ಮುದುಕನಿಗೆ ಜಿಮ್ ಪೌಡರ್ ಕುಡಿಸಿದ್ದೀರಲ್ಲ ಸಾರ್. ಗಾಡಿ ಹುಟ್ಟಿದಾಗ ಯಾವ ಎಣ್ಣೆ ಇತ್ತೋ ಅಂಥದ್ದು ಹಾಕಬೇಕು" ಅಂದರು.

ಯಾವ ಗಾಡಿ ಹುಟ್ಟಿದಾಗ ಯಾವ ಎಣ್ಣೆ ಇತ್ತು? ಹುಡುಕುತ್ತಾ ಹೋದವನು ಅಜ್ಜನ ಎತ್ತಿನ ಗಾಡಿಗೆ ಹೋಗಿ ಮುಟ್ಟಿದೆ. ಕಡಾಣಿ ಕಿತ್ತು, ಗಾಲಿಯನ್ನು ಸ್ವಲ್ಪ ಈಚೆಗೆಳೆದು, ಅಜ್ಜ ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದರು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದರೆ ಕೀಲೆಣ್ಣೆ. ಅದರ ಬಿದಿರಿನ ಗೊಟ್ಟ ಗಾಡಿಯ ಕೆಳಗೇ ನೇತಾಡ್ತಿತ್ತು. ಹರಳು ಈ ಸೀಮೆಯ ಹಳೇ ಬೆಳೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹರಳಿನ ಬೆಳೆ, ಅದರ ಎಣ್ಣೆ ಎರಡನ್ನೂ ಬರೆದಿಟ್ಟಿದ್ದಾನೆ. ರೈಲು ಬಂದಾಗ ಅದರ ಕೀಲುಗಳಿಗೂ ಇದೇ ಎಣ್ಣೆ.

ಲಂಡನ್ನಿನಲ್ಲಿ 1899ರಲ್ಲಿ ಎಣ್ಣೆ ಕಂಪನಿ ತೆರೆದ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ, ಮೋಟಾರುಗಳಿಗೆಂದು ಹರಳೆಣ್ಣೆ ಬೆರೆಸಿದ ಹೊಸ ಎಣ್ಣೆಯನ್ನು 1909ರಲ್ಲಿ ಮಾರುಕಟ್ಟೆಗೆ ಬಿಟ್ಟ. ಹೆಸರು ಕ್ಯಾಸ್ಟ್ರಾಲ್. ಕ್ಯಾಸ್ಟರ್ ಅಂದ್ರೆ ನಮ್ಮ ಹರಳೇ! ಇಷ್ಟು ವರ್ಷ ಆ ಡಬ್ಬಿ ನೋಡಿಯೂ ನನಗಿದು ಹೊಳೆದಿರಲಿಲ್ಲ.

ಮೊದಲ ಮಹಾಯುದ್ಧದ ವಿಮಾನಗಳದು ಇನ್ನೂ ಮಜಾ. ನೋಮ್, ಲ ರೋನ್ ಮುಂತಾದ ರೋಟರಿ ಇಂಜಿನ್ನುಗಳಲ್ಲಿ ಪ್ರೊಪೆಲ್ಲರ್ ಜೊತೆ ಇಡೀ ಇಂಜಿನ್ನೇ ಗಿರಗಿರ ತಿರುಗುತ್ತಿತ್ತು. ಪೆಟ್ರೋಲು ಕ್ರ್ಯಾಂಕ್‌ಕೇಸಿನ ಮೂಲಕವೇ ಹಾದುಹೋಗಬೇಕು. ಭೂಮಿಯಿಂದ ತೆಗೆದ ಎಣ್ಣೆ ಪೆಟ್ರೋಲಿನಲ್ಲಿ ಕರಗಿ ತೆಳುವಾಗುತ್ತೆ, ಹರಳೆಣ್ಣೆ ಅಷ್ಟು ಸುಲಭಕ್ಕೆ ಕರಗಲ್ಲ. ಹಾಗಾಗಿ ಅದೇ ಬೇಕು, ಹರಳುಬೀಜಕ್ಕೆ ದೊಡ್ಡ ಮೂಲ ಭಾರತ. ಇಂಜಿನ್ನಿನಿಂದ ಹಾರುತ್ತಿದ್ದ ಎಣ್ಣೆಯ ಮಂಜು ಉಸಿರಿಗೆ ಹೋಗಿ ಪೈಲಟ್‌ಗಳ ಹೊಟ್ಟೆ ಕೆಡುತ್ತಿತ್ತು ಅಂತ ಕಥೆಗಳಿವೆ. ಭಾನುವಾರ ಬೆಳಿಗ್ಗೆ ಅಜ್ಜಿ ಮೂಗು ಹಿಡಿದು ಕುಡಿಸಿದ್ದನ್ನು ನೆನೆದರೆ ನಂಬದೇ ಇರೋಕೆ ಕಾರಣವಿಲ್ಲ.

ಆ ಇಂಜಿನ್ನುಗಳಲ್ಲಿ ಹಾಕಿದ ಎಣ್ಣೆ ವಾಪಸ್ ಬರುವ ಲೆಕ್ಕವೇ ಇರಲಿಲ್ಲ. ಉರಿದುಹೋಗಬೇಕು, ಇಲ್ಲಾ ಹೊರಗೆ ಚೆಲ್ಲಬೇಕು. ಶುರುವಿನ ಎಷ್ಟೋ ಕಾರುಗಳದೂ ಇದೇ ಕಥೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ.

ಹರಳೆಣ್ಣೆಗೆ ಒಂದು ಕೆಟ್ಟ ಗುಣ: ಕಾದೂ ಕಾದೂ ಅಂಟಾಗುತ್ತೆ. ಪದೇ ಪದೇ ಇಂಜಿನ್ ಬಿಚ್ಚಿ ತೊಳೆಯುವ ರೇಸಿನವರಿಗೆ ಸರಿ, ದಿನಾ ಓಡಿಸುವವರಿಗೆ ಕಷ್ಟ. ಮಾಮೂಲಿ ಕಾರುಗಳು ಮಿನರಲ್ ಆಯಿಲ್ಲಿಗೆ ನಿಂತವು. ಆಗಲೂ 1908ರ ಫೋರ್ಡ್ ಮಾಡೆಲ್ ಟಿ ಕಾರಿಗೆ ಆಯಿಲ್ ಪಂಪ್ ಇರಲಿಲ್ಲ, ಫಿಲ್ಟರ್ ಇರಲಿಲ್ಲ, ಅಳತೆ ಕಡ್ಡಿಯೂ ಇರಲಿಲ್ಲ. ಫ್ಲೈವೀಲ್ ಎರಚಿದ ಎಣ್ಣೆಯೇ ಗತಿ. ಕಾರಿನ ಕೆಳಗೆ ತೂರಿ, ಒಂದರ ಕೆಳಗೊಂದಿದ್ದ ಎರಡು ಪುಟ್ಟ ನಲ್ಲಿ ತಿರುಗಿಸಿ ನೋಡಬೇಕು. ಕೆಳಗಿನ ನಲ್ಲಿಯಲ್ಲೂ ಎಣ್ಣೆ ಬರಲಿಲ್ಲ ಅಂದ್ರೆ ಗಾಡಿ ಸ್ಟಾರ್ಟ್ ಮಾಡೋ ಹಾಗಿಲ್ಲ. ಎಣ್ಣೆಯ ಗಾಢತೆಗೆ ಎಸ್‌ಎಇ ನಂಬರು ಬಂದದ್ದು 1911ರಲ್ಲಿ, ಕಾರಿನ ಆಯಿಲ್ ಫಿಲ್ಟರಿಗೆ ಪೇಟೆಂಟ್ ಕೇಳಿದ್ದು 1923ರಲ್ಲಿ.

ಫಿಲ್ಟರ್ ಇಲ್ಲದ ಕಾಲದ ಎಣ್ಣೆ ಕೊಳೆಯನ್ನು ತಳದಲ್ಲಿ ಕೂರಲು ಬಿಡುತ್ತಿತ್ತು. ಮಾಲೀಕ ಆಗಾಗ ಎಣ್ಣೆ ಬದಲಿಸಿ, ಸಂಪ್ ಬಿಚ್ಚಿ ಬಳಿಯುತ್ತಿದ್ದ. ಈಗಿನ ಎಣ್ಣೆ ಕೊಳೆಯನ್ನು ತನ್ನಲ್ಲೇ ತೇಲಿಸಿಕೊಂಡು ಫಿಲ್ಟರಿಗೆ ಒಯ್ಯುತ್ತೆ. ನಿಯಮವಾಗಿ ಎಣ್ಣೆ ಕಂಡ ಇಂಜಿನ್ನಿಗೆ ಇದು ಒಳ್ಳೆಯದೇ. ನಮ್ಮ ಫಿಯಟ್ ಅಂಥದ್ದಲ್ಲ, ಹತ್ತು ವರ್ಷದ ಗಸಿ ಒಳಗಿತ್ತು. ಇನ್ನೊಂದು ವಿಷಯ ಸತುವಿನದು. ಹಳೇ ಇಂಜಿನ್ನುಗಳಲ್ಲಿ ಕ್ಯಾಮ್ ಮತ್ತು ಟ್ಯಾಪೆಟ್ ಒಂದನ್ನೊಂದು ಉಜ್ಜಿಕೊಂಡೇ ಓಡುತ್ತವೆ. ಆ ಸವೆತ ತಡೆಯಲು 1940ರ ದಶಕದಿಂದ ಎಣ್ಣೆಗೆ ಸತು-ರಂಜಕದ ಸಂಯುಕ್ತ ಬೆರೆಸುತ್ತಾ ಬಂದರು. ರಂಜಕ ಹೊಗೆಯ ಜೊತೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತೆ ಅಂತ, ಹೊಸ ಕಾರುಗಳ ಎಣ್ಣೆಯಲ್ಲಿ ಅದನ್ನು ಕಡಿಮೆ ಮಾಡಿದರು. ದೊಡ್ಡಪ್ಪನ ಫಿಯಟ್ಟಿಗೆ ಕನ್ವರ್ಟರೇ ಇಲ್ಲ, ಟ್ಯಾಪೆಟ್ ಮಾತ್ರ ಇದೆ.

ಮೇಸ್ತ್ರಿ ಸಂಪು, ಜಾಲರಿ ತೊಳೆದು ಹೊಸ ಗ್ಯಾಸ್ಕೆಟ್ ಕೂರಿಸಿದರು. ಮಿನರಲ್ 20ಡಬ್ಲ್ಯೂ-40 ಹಾಕಿದರು, ಬೆಲೆ ನಾನು ಸುರಿದದ್ದರ ಅರ್ಧಕ್ಕೂ ಕಡಿಮೆ. ನಾಲ್ಕೂ ಪ್ಲಗ್ ಬಿಚ್ಚಿ, ಸಿಲಿಂಡರಿಗೊಂದು ಚಮಚ ಎಣ್ಣೆ ಬಿಟ್ಟು, ಇಂಜಿನ್ನನ್ನು ಮೊದಲು ಕೈಯಲ್ಲೇ ತಿರುಗಿಸಿದರು. ಆಮೇಲೆ ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ಎಳೆಸಿದರು. ಕೆಂಪು ದೀಪ ಆರಿದ ಮೇಲಷ್ಟೇ ಪ್ಲಗ್ ವಾಪಸ್ ಹಾಕಿದ್ದು. ಹತ್ತು ವರ್ಷ ನಿಂತ ಗಾಡಿಗೆ ಮೊದಲ ದಿನವೇ ನಾನು ಮಾಡಬೇಕಿದ್ದದ್ದು ಇದು.

"ಇದನ್ನೆಲ್ಲ ಯಾರಿಗಾದರೂ ಕಲಿಸಿದ್ದೀರಾಣ್ಣ?" ಅಂತ ಕೇಳಿದೆ. "ಹುಡುಗರು ಲ್ಯಾಪ್‌ಟಾಪ್ ಸಿಕ್ಕಿಸೋ ಗಾಡಿ ಕಲೀತಾರೆ ಸಾರ್, ಅದರಲ್ಲೇ ದುಡ್ಡು" ಅಂದರು. ಮುಂದಿನ ಆಯಿಲ್ ಚೇಂಜಿಗೆ ನಾನೇ ಸ್ಪ್ಯಾನರ್ ಹಿಡೀತೀನಿ, ನೀವು ಪಕ್ಕದಲ್ಲಿ ನಿಂತು ಬೈಯಿರಿ ಅಂತ ಒಪ್ಪಿಸಿದ್ದೀನಿ.

ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿರ್ತೀನಿ. ಬೆಳಿಗ್ಗೆ ಮೂರೋ ನಾಲ್ಕೋ ಹನಿ ಇರುತ್ತೆ. ಅಷ್ಟು ಬೀಳಲಿ, ಒಳಗೆ ಎಣ್ಣೆ ಇದೆ ಅಂತ ಲೆಕ್ಕ ಅಂತಾರೆ ಮೇಸ್ತ್ರಿ.