ನೋಡಿದ ಚಿತ್ರಗಳು, ನೋಡಲಾಗದ ಚಿತ್ರಗಳು

ಚಲನಚಿತ್ರಗಳ ಬಗ್ಗೆ ಬರೆಯಲು ನನಗಿರುವ ಯೋಗ್ಯತೆ ಇಷ್ಟೆ: ಚಿಕ್ಕಂದಿನಲ್ಲಿ ಭಾನುವಾರ ಸಂಜೆ ದೂರದರ್ಶನದ ಮುಂದೆ ಚಾಪೆ ಹಾಸಿಕೊಂಡು, ಆಮೇಲೆ ಕ್ಯಾಸೆಟ್ಟು, ಡಿಸ್ಕು, ಕಂಪ್ಯೂಟರ್ ಎಂದು ಸಿಕ್ಕಿದ್ದರಲ್ಲಿ ಸಿಕ್ಕಿದ್ದನ್ನು ನೋಡಿದ್ದೇನೆ. ಹೊಟ್ಟೆಪಾಡು ರಸಾಯನ ಶಾಸ್ತ್ರದ್ದು. ಈ ಸಂಚಿಕೆಗೆ ಕನ್ನಡ ಚಿತ್ರದ ಚರಿತ್ರೆಯನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಚರಿತ್ರೆಯನ್ನು ಪೂರ್ತಿ ಬರೆಯಲಾರೆ, ಮೆಚ್ಚಿದ್ದು ಮತ್ತು ಬೇಸರ ತಂದದ್ದನ್ನು ವರ್ಷವಾರು ಹೇಳಬಲ್ಲೆ ಎಂದೆ. ಒಪ್ಪಿದರು. ‘ನಾಗರಹಾವು’ ಚಿತ್ರವನ್ನು ಮೊದಲ ವಾರದಲ್ಲೇ ನೋಡಿದ ಹಿರಿಯರು ನಮ್ಮಲ್ಲಿದ್ದಾರೆ. ಅವರು ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಳ್ಳಬಹುದು, ಅಭ್ಯಂತರವಿಲ್ಲ.

ಮೊದಲ ತೊಡಕು ಮೊದಲ ಚಿತ್ರದಲ್ಲೇ ಇದೆ. ೧೯೩೪ರ ಮಾರ್ಚಿಯಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರ. (‘ಭಕ್ತ ಧ್ರುವ’ದ ಚಿತ್ರೀಕರಣ ಮೊದಲು ಮುಗಿದರೂ ಬಿಡುಗಡೆ ತಡವಾಯಿತು.) ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ. ವಿ. ರಾವ್, ಇಂದು ನಮಗೆ ‘ನಟಿ ಲಕ್ಷ್ಮಿಯ ತಂದೆ’ ಎಂದರೆ ಬೇಗ ಗುರುತು ಸಿಗುತ್ತದೆ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ, ಏಕೆಂದರೆ ಬೆಂಗಳೂರಿನಲ್ಲಿ ಮಾತಿನ ಚಿತ್ರ ತೆಗೆಯುವ ಸೌಕರ್ಯ ಇರಲಿಲ್ಲ. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ. ಮಾತು ಮತ್ತು ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಂಗಳೂರು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರಕ್ಕೆ ಜನ ನುಗ್ಗಿದರು. ಇಷ್ಟೆಲ್ಲ ತಿಳಿದಿದೆ. ಚಿತ್ರ ಹೇಗಿತ್ತು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಅದರ ಪ್ರತಿಯೊಂದೂ ಉಳಿದಿಲ್ಲ. ನಾಗೇಂದ್ರರಾಯರ ರಾವಣ ಗರ್ಜಿಸಿದನೋ ಗೊಣಗಿದನೋ, ನೋಡಿ ಹೇಳುವ ಅವಕಾಶ ನಮಗೆ ತಪ್ಪಿಹೋಯಿತು.

ಇಲ್ಲಿ ನನ್ನ ಕಸುಬಿನ ಎರಡು ಮಾತು ಹೇಳಲೇಬೇಕು. ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ ಮಾಡುವ ಪದಾರ್ಥ ಇದು, ಬಂದೂಕಿನ ಮದ್ದಿಗೆ ಹತ್ತಿರದ ನಂಟ. ಹೊತ್ತಿಕೊಂಡರೆ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಹೊತ್ತಿಕೊಳ್ಳದಿದ್ದರೂ ಸುಮ್ಮನಿರುವುದಿಲ್ಲ. ನಿಧಾನವಾಗಿ ಒಡೆದು ಸಾರಜನಕದ ಆಕ್ಸೈಡುಗಳನ್ನು ಬಿಡುತ್ತದೆ; ಅವು ಗಾಳಿಯ ತೇವದೊಂದಿಗೆ ಕೂಡಿ ಆಮ್ಲವಾಗಿ, ಆ ಆಮ್ಲವೇ ಮುಂದಿನ ಒಡೆತವನ್ನು ಚುರುಕು ಮಾಡುತ್ತದೆ. ರೀಲು ಅಂಟಂಟಾಗಿ, ಕೊನೆಗೆ ಡಬ್ಬಿಯಲ್ಲಿ ಕಂದು ಪುಡಿ. ಇದರ ಮೇಲೆ ಮನುಷ್ಯನ ಕೈವಾಡ ಬೇರೆ. ಕಪ್ಪು ಬಿಳುಪು ಫಿಲ್ಮಿನ ಚಿತ್ರವೆಂದರೆ ಬೆಳ್ಳಿಯ ಕಣಗಳು. ಓಟ ಮುಗಿದ ರೀಲನ್ನು ಬೆಳ್ಳಿಗಾಗಿ ಕರಗಿಸುವವರು ನಮ್ಮ ದೇಶದಲ್ಲಿ ಬೇಕಾದಷ್ಟಿದ್ದರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಆರಂಭವಾದದ್ದು ೧೯೬೪ರಲ್ಲಿ, ಅಂದರೆ ‘ಸತಿ ಸುಲೋಚನಾ’ ಬಂದು ಮೂವತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ಹೀಗಾಗಿ ನನ್ನಂಥವನ ಕನ್ನಡ ಚಿತ್ರ ಚರಿತ್ರೆ ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ಶುರು. ಗುಬ್ಬಿ ಕಂಪನಿಯ ನಾಟಕ, ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನ. ಮುತ್ತುರಾಜ್ ಎಂಬ ಕಂಪನಿ ನಟ ರಾಜ್‌ಕುಮಾರ್ ಆದದ್ದು ಇಲ್ಲಿ. ನರಸಿಂಹರಾಜು, ಜಿ. ವಿ. ಅಯ್ಯರ್ ಕೂಡ ಇದೇ ಚಿತ್ರದ ಕೂಸುಗಳು. ಇಂದು ನೋಡಿದರೆ ಅರ್ಧ ಚಿತ್ರ ನಾಟಕದ ಪರದೆಯ ಮುಂದೆಯೇ ನಡೆದಂತಿದೆ, ಪಾತ್ರಧಾರಿಗಳು ಗಾಂಧಿ ಕ್ಲಾಸಿನ ಕೊನೆಯ ಬೆಂಚಿಗೆ ಕೇಳಿಸುವಂತೆ ಮಾತಾಡುತ್ತಾರೆ. ಆದರೂ ಆ ಇಪ್ಪತ್ತೈದರ ಹುಡುಗ ಶಿವಲಿಂಗದ ಮುಂದೆ ನಿಂತಾಗ ಭಕ್ತಿ ಇಲ್ಲದವನೂ ಸುಮ್ಮನಾಗುತ್ತಾನೆ. ಇದೇ ಕತೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಯಿತು. ರಾಜ್‌ಕುಮಾರ್ ಕನ್ನಡದ ಹೊರಗೆ ನಾಯಕರಾಗಿ ನಟಿಸಿದ್ದು ಅದೊಂದರಲ್ಲೇ. ಮೈಸೂರು ವಿಶ್ವವಿದ್ಯಾನಿಲಯ ೧೯೭೬ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಐದು ವರ್ಷ ಗಾಜಿನ ಕೊಳವೆ ತೊಳೆದು ಅದೇ ಪದವಿ ಗಳಿಸಿದ ನನ್ನನ್ನು ನಮ್ಮೂರಿನಲ್ಲಿ ಯಾರೂ ಡಾಕ್ಟರ್ ಎನ್ನುವುದಿಲ್ಲ. ಅದೂ ನ್ಯಾಯವೇ.

ಅರವತ್ತರ ದಶಕದ ಪತ್ತೇದಾರಿ ಚಿತ್ರಗಳನ್ನು, ಅಂದರೆ ‘ಜೇಡರ ಬಲೆ’ (೧೯೬೮) ಮತ್ತು ಅದರ ಹಿಂದೆ ಬಂದ ಸಿಐಡಿ ೯೯೯ರ ಸಾಹಸಗಳನ್ನು, ಒಂದು ಸಲ ನೋಡಿ ನಗಬಹುದು. ಎರಡನೆಯ ಸಲ ಕಷ್ಟ. ಅದೇ ದೊರೈ-ಭಗವಾನ್ ಜೋಡಿ ೧೯೭೧ರಲ್ಲಿ ‘ಕಸ್ತೂರಿ ನಿವಾಸ’ ತೆಗೆದರು ಎಂದರೆ ನಂಬುವುದು ಹೇಗೆ? ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿ, ಕೊಟ್ಟೂ ಕೊಟ್ಟೂ ಬರಿದಾಗುವವನು. ಪೊಟ್ಟಣದ ಬದಿಗೆ ಬಳಿಯುವ ಕೆಂಪು ರಂಜಕ, ಕಡ್ಡಿಯ ತುದಿಯ ಕ್ಲೋರೇಟ್ ಇವುಗಳ ಬಗ್ಗೆ ಚಿತ್ರ ಏನೂ ಹೇಳುವುದಿಲ್ಲ ಎಂಬುದು ನನ್ನೊಬ್ಬನ ದೂರು. ಉಳಿದಂತೆ, ದೈನ್ಯವನ್ನು ಒಂದಿಷ್ಟೂ ಅಂಗಲಾಚದೆ ತೋರಿಸಿದ ಅಭಿನಯ ಅದು. ತಮಿಳಿನಲ್ಲಿ ಶಿವಾಜಿ ಗಣೇಶನ್, ಹಿಂದಿಯಲ್ಲಿ ಸಂಜೀವ್ ಕುಮಾರ್ ಅದೇ ಪಾತ್ರ ಮಾಡಿದರು.

ಪುಟ್ಟಣ್ಣ ಕಣಗಾಲರ ವಿಷಯಕ್ಕೆ ಬಂದರೆ ನನ್ನ ಮನಸ್ಸು ಇಬ್ಭಾಗ. ‘ಬೆಳ್ಳಿಮೋಡ’ (೧೯೬೭) ತ್ರಿವೇಣಿಯವರ ಕಾದಂಬರಿ. ಕೈಬಿಟ್ಟು ಹೋದವನು ತಿರುಗಿ ಬಂದಾಗ ಹೆಣ್ಣು ಒಲ್ಲೆ ಎನ್ನುವ ಚಿತ್ರ ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಬರೆದ ತಾಯಿ ೧೯೬೩ರಲ್ಲೇ ತೀರಿಕೊಂಡಿದ್ದರು. ತಮ್ಮ ಕಾದಂಬರಿಗಳಿಂದಾದ ಒಂದು ಚಿತ್ರವನ್ನೂ ಅವರು ನೋಡಲಿಲ್ಲ. ಅವರದೇ ‘ಶರಪಂಜರ’ (೧೯೭೧) ಇನ್ನೂ ದೊಡ್ಡ ಹೆಸರು ಮಾಡಿತು. ಅದರಲ್ಲಿ ನನಗೆ ಹಿಡಿಸಿದ್ದು ಕಲ್ಪನಾ ಅವರ ಉನ್ಮಾದದ ದೃಶ್ಯಗಳಿಗಿಂತ ಆಕೆ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಮೇಲಿನ ಭಾಗ. ಗುಣವಾದವಳನ್ನು ಗಂಡ, ನೆರೆಹೊರೆ, ಆಳುಕಾಳು ಎಲ್ಲರೂ ಹುಚ್ಚಿ ಎಂಬ ಕಣ್ಣಿನಿಂದಲೇ ನೋಡುತ್ತಾರಲ್ಲ, ಅದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರ ನಮ್ಮಲ್ಲಿ ಇನ್ನೊಂದಿಲ್ಲ.

‘ನಾಗರಹಾವು’ (೧೯೭೨) ಮಾತ್ರ ನನಗೆ ಅರ್ಧ ತೃಪ್ತಿ. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಇಳಿಸಿದ ಧೈರ್ಯ ಮೆಚ್ಚತಕ್ಕದ್ದು. ವಿಷ್ಣುವರ್ಧನರ ಸಿಡುಕು, ಅಶ್ವತ್ಥರ ಚಾಮಯ್ಯ ಮೇಷ್ಟ್ರು, ಚಿತ್ರದುರ್ಗದ ಬಂಡೆಗಳು, ಕತೆಗೆ ಬೇಡದಿದ್ದರೂ ಮನಸ್ಸಿನಲ್ಲಿ ನಿಂತುಬಿಡುವ ಜಯಂತಿಯವರ ಓಬವ್ವ, ಎಲ್ಲ ಸರಿ. ಆದರೆ ಕೊನೆ? ಬ್ರಾಹ್ಮಣರ ಹುಡುಗ, ಕ್ರೈಸ್ತರ ಹುಡುಗಿ. ಇಬ್ಬರನ್ನೂ ಬದುಕಿಸಿದರೆ ಮುಂದೇನು ಎಂದು ತೋಚದೆ ಬೆಟ್ಟದಿಂದ ಕೆಳಗೆ ಕಳುಹಿಸಿಬಿಟ್ಟಂತಿದೆ. ಮೂಲ ಲೇಖಕರಿಗೇ ಚಿತ್ರ ಹಿಡಿಸಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಪುಟ್ಟಣ್ಣನವರೇ ಅದನ್ನು ೧೯೭೪ರಲ್ಲಿ ರಿಷಿ ಕಪೂರರನ್ನು ಹಾಕಿಕೊಂಡು ಹಿಂದಿಯಲ್ಲಿ ತೆಗೆದರು. ಅದರ ಬಗ್ಗೆ ಸುಮ್ಮನಿರುವುದೇ ಲೇಸು.

ಅದೇ ವರ್ಷದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಸಿದ್ಧಲಿಂಗಯ್ಯನವರ ನಿರ್ದೇಶನ, ಟಿ. ಕೆ. ರಾಮರಾಯರ ಕಾದಂಬರಿ. ಓದಿದ ಹುಡುಗರು ಊರಿಗೆ ಹಿಂದಿರುಗಿ ಬೇಸಾಯ ಹಿಡಿಯಲು ಈ ಚಿತ್ರ ಕಾರಣವಾಯಿತು ಎನ್ನುತ್ತಾರೆ. ಊರು ಬಿಟ್ಟು ಇಷ್ಟು ದೂರ ಬಂದ ನಮ್ಮ ಮಂದಿಯೇ ಅದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನೋಡುವುದನ್ನು ಕಂಡಾಗ ನನಗೆ ಸ್ವಲ್ಪ ನಗು ಬರುತ್ತದೆ. ನಾಯಕ ತೀರ ಒಳ್ಳೆಯವನು. ಒಂದು ಸಲವಾದರೂ ರೇಗಬಾರದೇ!

ನಮ್ಮ ಹಿರಿಯರು ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಬಾಡಿಗೆ ಹಾಲಿನಲ್ಲಿ ಹದಿನಾರು ಮಿಲಿಮೀಟರ್ ಪ್ರಿಂಟ್ ತರಿಸಿ ತೋರಿಸಿದ ಬಣ್ಣದ ಚಿತ್ರಗಳಲ್ಲಿ ಗದ್ದೆಯೂ ಗುಲಾಬಿ, ಆಕಾಶವೂ ಗುಲಾಬಿ ಆಗಿರುತ್ತಿತ್ತಂತೆ. ಅದು ಪ್ರೊಜೆಕ್ಟರಿನ ದೋಷವಲ್ಲ. ಆ ಕಾಲದ ಬಣ್ಣದ ಫಿಲ್ಮಿನಲ್ಲಿ ಮೂರು ಪದರ, ಮೂರು ಸಾವಯವ ವರ್ಣದ್ರವ್ಯ. ಕತ್ತಲೆಯ ಡಬ್ಬಿಯಲ್ಲಿಟ್ಟರೂ ಹಸಿರು-ನೀಲಿಯದು ಮೊದಲು ಮಾಸುತ್ತದೆ, ಕೆಂಪು ಛಾಯೆಯದು ಉಳಿಯುತ್ತದೆ. ಎಂಬತ್ತರ ದಶಕದ ಮೊದಲಲ್ಲಿ ಹೊಸ ಬಗೆಯ ಫಿಲ್ಮು ಬರುವವರೆಗೆ ಇದಕ್ಕೆ ಪರಿಹಾರ ಇರಲಿಲ್ಲ. ಬಣ್ಣ ಬಂದದ್ದನ್ನು ಮುನ್ನಡೆ ಎಂದು ನಾವು ಎಣಿಸಿದ್ದೆವು. ಉಳಿಕೆಯ ದೃಷ್ಟಿಯಿಂದ ಬೆಳ್ಳಿಯ ಕಪ್ಪು ಬಿಳುಪೇ ಗಟ್ಟಿ.

ಗಟ್ಟಿ ಎಂದಾಗ ನೆನಪಿಗೆ ಬರುವುದು ‘ಸಂಸ್ಕಾರ’ (೧೯೭೦). ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದರು, ಅನಂತಮೂರ್ತಿಯವರ ಕಾದಂಬರಿಗೆ ಚಿತ್ರಕತೆ ಬರೆದು ಪ್ರಾಣೇಶಾಚಾರ್ಯನಾಗಿ ನಟಿಸಿದವರು ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯದ ಟಾಮ್ ಕೋವನ್, ಸಂಗೀತ ರಾಜೀವ ತಾರಾನಾಥ. ಸೆನ್ಸಾರಿನವರು ಮೊದಲು ಪ್ರಮಾಣಪತ್ರ ನಿರಾಕರಿಸಿದರು. ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂತು, ಕನ್ನಡಕ್ಕೆ ಮೊದಲನೆಯದು. ಹೆಣವನ್ನು ಯಾರು ಸುಡಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ ಅಗ್ರಹಾರವೆಲ್ಲ ಹಸಿದು ಕೂರುವ ಮೊದಲರ್ಧ ಇಂದಿಗೂ ಮೈ ಜುಮ್ಮೆನಿಸುತ್ತದೆ. ಆಚಾರ್ಯರು ಊರು ಬಿಟ್ಟು ಅಲೆಯುವ ಭಾಗದಲ್ಲಿ ಚಿತ್ರ ಸಡಿಲವಾಗುತ್ತದೆ. ಕಾದಂಬರಿಯಲ್ಲಿ ಅಲ್ಲೇ ಜೀವಾಳ ಇರುವುದು, ಅದು ತಲೆಯೊಳಗೆ ನಡೆಯುವ ವ್ಯಾಪಾರ, ಕ್ಯಾಮೆರಾಕ್ಕೆ ಸಿಗುವುದಿಲ್ಲ. ಸ್ನೇಹಲತಾ ಅವರನ್ನು ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದರು. ಹೊರಬಂದು ಕೆಲವೇ ದಿನಕ್ಕೆ, ೧೯೭೭ರ ಜನವರಿಯಲ್ಲಿ ಕಣ್ಣುಮುಚ್ಚಿದರು. ಇದು ತಿಳಿದ ಮೇಲೆ ಚಂದ್ರಿಯನ್ನು ಮೊದಲಿನಂತೆ ನೋಡಲಾಗುವುದಿಲ್ಲ.

ನನಗೆ ಒಂದೇ ಚಿತ್ರ ಆರಿಸಿ ಎಂದರೆ ‘ಚೋಮನ ದುಡಿ’ (೧೯೭೫). ಶಿವರಾಮ ಕಾರಂತರ ಕಾದಂಬರಿ, ಬಿ. ವಿ. ಕಾರಂತರ ಚಿತ್ರ. ಎತ್ತು ಇದೆ, ಉಳುವ ಆಸೆ ಇದೆ, ಹೊಲೆಯನಾಗಿ ಹುಟ್ಟಿದ್ದರಿಂದ ನೆಲ ಮಾತ್ರ ಸಿಗುವುದಿಲ್ಲ. ಎಂ. ವಿ. ವಾಸುದೇವರಾವ್ ಕಡಿಮೆ ಮಾತಿನಲ್ಲಿ, ಬೆನ್ನು ಮತ್ತು ಬೆರಳುಗಳಲ್ಲಿ ನಟಿಸಿದ್ದಾರೆ. ಆ ವರ್ಷದ ಶ್ರೇಷ್ಠ ನಟ ಪ್ರಶಸ್ತಿ ಅವರಿಗೆ, ಸ್ವರ್ಣಕಮಲ ಚಿತ್ರಕ್ಕೆ. ದುಡಿಯ ಸದ್ದು ಚಿತ್ರ ಮುಗಿದ ಮೇಲೂ ಬಹಳ ಹೊತ್ತು ಕಿವಿಯಲ್ಲಿರುತ್ತದೆ. ಇಂಥ ಚಿತ್ರಗಳನ್ನು ‘ಪ್ರಶಸ್ತಿ ಚಿತ್ರ, ನಿದ್ದೆ ಬರುತ್ತದೆ’ ಎಂದು ದೂರವಿಡುವವರಿಗೆ ನನ್ನ ವಿನಂತಿ: ಇದೊಂದನ್ನು ನೋಡಿ, ಆಮೇಲೆ ಬೈಯಿರಿ.

ಎರಡು ವರ್ಷದ ಬಳಿಕ ಬಂದ ‘ಘಟಶ್ರಾದ್ಧ’ಕ್ಕೂ ಸ್ವರ್ಣಕಮಲವೇ. ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಅವರು ಪುಣೆಗೆ ಹೋಗುವ ಮುನ್ನ ಮಣಿಪಾಲದಲ್ಲಿ ಔಷಧ ಶಾಸ್ತ್ರ ಓದಿದವರು, ಅಂದರೆ ನಮ್ಮ ದಾಯಾದಿ. ವೇದಪಾಠಕ್ಕೆ ಬಂದ ಚಿಕ್ಕ ಹುಡುಗ ನಾಣಿಯ ಕಣ್ಣಿನಿಂದ, ಬಸುರಿಯಾದ ವಿಧವೆ ಯಮುನಕ್ಕನ ಗತಿಯನ್ನು ಕಾಣುತ್ತೇವೆ. ಬದುಕಿರುವ ಮಗಳಿಗೆ ತಂದೆಯೇ ತಿಥಿ ಮಾಡುತ್ತಾನೆ. ಚಿತ್ರದಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಹುಡುಗನಿಗೆ ಎಷ್ಟು ಅರ್ಥವಾಗುತ್ತದೋ ಅಷ್ಟೇ ನಮಗೂ. ಇದರ ಪುನರುಜ್ಜೀವನಗೊಂಡ ಪ್ರತಿ ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆ ಸೇರಿ ಮಾಡಿಸಿದ ಕೆಲಸ. ಇದಕ್ಕೂ ನಮ್ಮಲ್ಲಿ ‘ಹೊಸ ರೂಪ’ ಎಂದು ನಡೆದ ಇನ್ನೊಂದು ಕೆಲಸಕ್ಕೂ ಅಜಗಜಾಂತರ. ‘ಸತ್ಯ ಹರಿಶ್ಚಂದ್ರ’ಕ್ಕೆ ೨೦೦೮ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ ೨೦೧೪ರಲ್ಲಿ ಬಣ್ಣ ಬಳಿದರು. ಜನ ಬಂದರು, ಹೊಸ ತಲೆಮಾರು ನೋಡಿತು, ಆ ಪುಣ್ಯವನ್ನು ಅಲ್ಲಗಳೆಯುವುದಿಲ್ಲ. ಆದರೆ ಛಾಯಾಗ್ರಾಹಕ ಬೆಳಕು ನೆರಳಿನಲ್ಲಿ ಲೆಕ್ಕ ಹಾಕಿ ಕಟ್ಟಿದ ಮುಖಕ್ಕೆ ಗಂಧದ ಬಣ್ಣ ಮೆತ್ತಿದರೆ ನನಗೆ ಕಸಿವಿಸಿ.

ನಾವಿರುವ ಜರ್ಮನಿಯಲ್ಲೂ ಈ ಕತೆಯ ಒಂದು ತುಣುಕಿದೆ. ಪೂರ್ವದ ವೋಲ್ಫೆನ್ ಎಂಬ ಊರಿನಲ್ಲಿದ್ದ ಆಗ್ಫಾ ಕಾರ್ಖಾನೆ ೧೯೬೪ರಿಂದ ಓರ್ವೊ ಎಂಬ ಹೆಸರಿನಲ್ಲಿ ಫಿಲ್ಮು ಮಾರಿತು. ಡಾಲರಿಗೆ ತತ್ವಾರವಿದ್ದ ಭಾರತಕ್ಕೆ ಪೂರ್ವ ಜರ್ಮನಿಯೊಂದಿಗೆ ರೂಪಾಯಿ ವ್ಯಾಪಾರ ಅನುಕೂಲವಾಗಿತ್ತು; ಎಪ್ಪತ್ತರ ದಶಕದ ಎಷ್ಟೋ ಭಾರತೀಯ ಕಪ್ಪು ಬಿಳುಪು ಚಿತ್ರಗಳು ಆ ಫಿಲ್ಮಿನಲ್ಲೇ ಆದವು. ಕಾರ್ಖಾನೆ ಮುಚ್ಚಿದೆ, ಒಂದು ಕಟ್ಟಡದಲ್ಲಿ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದಾದ ಜಾಗ.

ನೈಟ್ರೇಟಿನ ನಂತರ, ಐವತ್ತರ ದಶಕದಿಂದ ಬಂದ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಭಯವಿಲ್ಲ, ಬೇರೆ ಕಾಯಿಲೆ ಇದೆ. ಶಾಖ ಮತ್ತು ತೇವಕ್ಕೆ ಅದು ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬಿ ತೆರೆದರೆ ವಿನಿಗರ್ ವಾಸನೆ. ಪಟ್ಟಿ ಕುಗ್ಗಿ, ಮುರುಟಿ, ಪ್ರೊಜೆಕ್ಟರಿಗೆ ಹೊಂದದಂತಾಗುತ್ತದೆ. ಮದ್ರಾಸಿನ ಸೆಕೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ನೆಗೆಟಿವ್‌ಗಳ ಸ್ಥಿತಿ ಊಹಿಸಿಕೊಳ್ಳಿ. ಪರೀಕ್ಷೆ ಸುಲಭ: ಬ್ರೋಮೊಕ್ರೆಸಾಲ್ ಗ್ರೀನ್ ಸವರಿದ ಕಾಗದದ ಪಟ್ಟಿಯನ್ನು ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ನೀಲಿ ಹಸಿರಾಗುತ್ತದೆ, ರೋಗ ಬಲಿತಿದ್ದರೆ ಹಳದಿ. ನಮ್ಮ ಸದಸ್ಯರಲ್ಲಿ ಯಾರ ನೆಲಮಾಳಿಗೆಯಲ್ಲಾದರೂ ಹಳೆಯ ಹದಿನಾರು ಮಿಲಿಮೀಟರ್ ರೀಲು ಉಳಿದಿದ್ದರೆ ವಾಸನೆ ಬಂತೆಂದು ಎಸೆಯಬೇಡಿ. ಬೇರೆ ರೀಲುಗಳಿಂದ ದೂರವಿಟ್ಟು, ತಂಪಾದ ಜಾಗದಲ್ಲಿರಿಸಿ, ನನಗೆ ಫೋನ್ ಮಾಡಿ. ಕಾಗದದ ಪಟ್ಟಿ ನಾನು ತರುತ್ತೇನೆ. ಸಂಘದ ಬೀರುವಿನಲ್ಲಿರುವ ವೀಡಿಯೋ ಕ್ಯಾಸೆಟ್ಟುಗಳ ಪೈಕಿ ಏಳಕ್ಕೆ ಚೀಟಿಯೇ ಇಲ್ಲ. ಅವನ್ನು ಧ್ವನಿಮುದ್ರಿಸಿದವರೋ ಕೊಂಡು ತಂದವರೋ ಯಾರೆಂದು ತಿಳಿದರೆ ಹೆಸರು ಬರೆದಿಡಬಹುದು. ಅಷ್ಟರವರೆಗೆ ದಯವಿಟ್ಟು ಯಾರೂ ಅವನ್ನು ಹೀಟರಿನ ಮೇಲಿನ ಹಲಗೆಗೆ ಸರಿಸಬೇಡಿ.